ಎರಡು ಬೆಳೆಗಳ ನಡುವೆ ಹುಳುಮನೆ



ರೇಷ್ಮೆಯೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಮದುವೆಯ ಚಪ್ಪರ, ಜರತಾರಿಯ ಅಂಚು, ಪೆಟ್ಟಿಗೆಯೊಳಗೆ ಮಡಿಸಿಟ್ಟ ತಾಯಿಯ ಸೀರೆ. ಮಡಿಯೆಂದರೆ ರೇಷ್ಮೆ ಎಂದು ಭಾವಿಸುವುದೂ ನಮ್ಮಲ್ಲಿ ಉಂಟು. ಪೂಜೆಗೆ ಕುಳಿತುಕೊಳ್ಳುವವರು ಮಗುಟವನ್ನು ಉಟ್ಟು ಕುಳಿತುಕೊಳ್ಳುತ್ತಾರೆ. ಆದರೆ ಈ ಮಡಿಯ ಬಟ್ಟೆಗೆ ನೂಲನ್ನು ಕೊಡತಕ್ಕ ಹುಳು ಬೆಳೆಯುವ ಮನೆಯ ಮಡಿ ಎಂತಹದು, ಅದನ್ನು ಯಾರು ಮಾಡುತ್ತಾರೆ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ವಿಚಾರಿಸುವವರು ಕಡಮೆ. ಈ ಹೊತ್ತು ನಾವು ತಮ್ಮೊಡನೆ ವಿಚಾರಮಾಡಬೇಕೆಂದಿರುವುದು ಆ ವಿಷಯವನ್ನೇ. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಬೆಳೆಯ ಮರಿ ಹುಳುಗಳು ಮನೆಗೆ ಬರುವುದಕ್ಕೆ ಮುಂಚೆ, ಆ ಬರಿದಾದ ಮನೆಯಲ್ಲಿ ನಡೆಯಬೇಕಾದ ಶುದ್ಧಿಯ ಕೆಲಸವೇ ನಮ್ಮ ಇಂದಿನ ವಿಷಯ.

ವಿಷಯವು ಕಸ ಗುಡಿಸುವುದಕ್ಕೂ ಸುಣ್ಣ ಬಳಿಯುವುದಕ್ಕೂ ಸಂಬಂಧಪಟ್ಟದ್ದು. ಕೇಳುವುದಕ್ಕೆ ಅಷ್ಟೇನೂ ಸೊಗಸಾದುದಲ್ಲ. ಆದರೂ ಹಳೆಯ ಮೈಸೂರು ಸೀಮೆಯ ಸಾವಿರಾರು ಸಂಸಾರಗಳ ಸಾಲ ತೀರುವುದೂ ತೀರದಿರುವುದೂ, ಮಕ್ಕಳು ಶಾಲೆಯಲ್ಲಿ ಮುಂದುವರಿಯುವುದೂ ನಿಲ್ಲುವುದೂ, ಈ ಕೆಲವು ದಿನಗಳ ಕೆಲಸವನ್ನು ಬಹುಮಟ್ಟಿಗೆ ಅವಲಂಬಿಸಿರುವುದರಿಂದ, ತಾವು ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ.

ಮೊದಲು ಹುಳುಸಾಕಣೆಯ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡೋಣ. ಒಂದೊಂದು ಚಿಟ್ಟೆಯೂ ಸುಮಾರು 400ರಿಂದ 500 ಮೊಟ್ಟೆಗಳನ್ನಿಡುತ್ತದೆ. ಆದುದರಿಂದ 100 ಚಿಟ್ಟೆಗಳ ಮೊಟ್ಟೆಯನ್ನು ತಂದ ರೈತನ ಮನೆಯಲ್ಲಿ 40,000ಕ್ಕೂ ಹೆಚ್ಚು ಪ್ರಾಣಿಗಳು ಒಂದೇ ಸೂರಿನ ಕೆಳಗೆ ವಾಸಮಾಡುತ್ತವೆ. ಹುಳು ಹಿಪ್ಪುನೇರಳೆಯ ಸೊಪ್ಪನ್ನು ಮೇಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಅದು ಮೇವನ್ನು ಮುಟ್ಟದೆ ಸ್ತಬ್ಧವಾಗಿರುವುದರಿಂದ ಆ ಅವಸ್ಥೆಗೆ ನಮ್ಮ ರೈತರು 'ಜ್ವರ'ವೆಂದು ಹೆಸರಿಟ್ಟಿದ್ದಾರೆ. ಒಂದನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಒಂದು ವಾರದ ಮಟ್ಟಿಗೆ ಹುಳು ಹಗಲಿರುಳೂ ಮೇಯುತ್ತದೆ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಈ ಕಡೆಯ ವಾರಕ್ಕೇ ಬೇಕಾಗುತ್ತದೆ. ಇಪ್ಪತ್ತೈದು ದಿವಸಗಳ ಆಸುಪಾಸಿನಲ್ಲಿ, ಹುಟ್ಟಿದಾಗ ಇದ್ದುದಕ್ಕಿಂತ ಸುಮಾರು 10,000 ಪಾಲು ತೂಕವಾಗಿ, ಹುಳು ಹಣ್ಣಾಗುತ್ತದೆ. ಹಣ್ಣು ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರೆ ಅವು ಗೂಡು ಕಟ್ಟುತ್ತವೆ.

ಇಷ್ಟು ಅಲ್ಪಕಾಲದಲ್ಲಿ, ಇಷ್ಟು ಕಿರಿದಾದ ಸ್ಥಳದಲ್ಲಿ, ಇಷ್ಟು ಪ್ರಾಣಿಗಳು ತಿಂದು, ಹಿಕ್ಕೆ ಹಾಕಿ, ಪೊರೆ ಕಳಚಿದರೆ ಆ ಮನೆಯ ಸ್ಥಿತಿ ಹೇಗಿರಬೇಕೆಂಬುದನ್ನು ತಾವೇ ಊಹಿಸಬಹುದು. ತಟ್ಟೆಯ ಸಂದುಗಳಲ್ಲಿ ಹಿಕ್ಕೆಯ ಪುಡಿ, ನೆಲದ ಬಿರುಕುಗಳಲ್ಲಿ ಒಣಗಿದ ಸೊಪ್ಪು, ಚಂದ್ರಿಕೆಗಳ ಮೇಲೆ ಅಂಟಿಕೊಂಡ ಎಳೆ, ಜಂತೆಯ ಮೇಲೆ ದೂಳು, ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಸತ್ತ ನಾಲ್ಕಾರು ಹುಳುಗಳು ಉಳಿದಿರುತ್ತವೆ. ಬೆಳೆ ಚೆನ್ನಾಗಿ ಆದಾಗಲೂ ಇವುಗಳು ಇದ್ದೇ ಇರುವುವು. ಬೆಳೆ ಚೆನ್ನಾಗಿ ಆಯಿತೆಂಬ ಸಂತೋಷದಲ್ಲಿ ಇವುಗಳ ಕಡೆಗೆ ಗಮನ ಹೋಗದೆ ಉಳಿಯುವುದೂ ಉಂಟು. ಮುಂದಿನ ಬೆಳೆಯ ಶತ್ರುಗಳು ಅಡಗಿರುವುದು ಇಂಥಲ್ಲಿಯೇ.

ಆ ಶತ್ರುಗಳು ಮುಖ್ಯವಾಗಿ ನಾಲ್ಕು. ನಮ್ಮ ಹಳ್ಳಿಯ ಜನ ಇವುಗಳನ್ನು ಸೂಕ್ಷ್ಮದರ್ಶಕದ ಸಹಾಯವಿಲ್ಲದೆ, ಕಣ್ಣಿಗೆ ಕಂಡಂತೆ, ಬಹು ಒಪ್ಪುವ ಹೆಸರುಗಳಿಂದ ಗುರುತಿಸಿದ್ದಾರೆ. ಒಂದು, ಹಾಲು ತೊಂಡೆ ರೋಗ. ಇದು ತಗುಲಿದ ಹುಳುವಿನ ಚರ್ಮ ಉಬ್ಬಿ ಹೊಳೆಯುತ್ತದೆ. ಹುಳು ಮೇವು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆದಾಡುತ್ತದೆ. ಕೊನೆಗೆ ಚರ್ಮ ಒಡೆದು ಹಾಲಿನಂತಹ ದ್ರವ ಸುರಿಯುತ್ತದೆ. ಎರಡು, ಸಪ್ಪೆ ರೋಗ. ಹುಳು ಮೆತ್ತಗಾಗಿ, ವಾಂತಿಮಾಡಿಕೊಂಡು, ಕೊಳೆತು ನಾರುತ್ತದೆ. ಮೂರು, ಸುಣ್ಣಕಟ್ಟು ರೋಗ. ಸತ್ತ ಹುಳು ಕೊಳೆಯದೆ ಗಟ್ಟಿಯಾಗಿ, ಮೈಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ನಾಲ್ಕು, ಗಂಟು ರೋಗ. ಹುಳುಗಳು ಸಮವಾಗಿ ಬೆಳೆಯದೆ, ಒಂದು ದೊಡ್ಡದು ಒಂದು ಚಿಕ್ಕದು ಆಗಿ, ಕೆಲವುಗಳ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣಿಸುತ್ತವೆ.

ಈ ರೋಗಗಳ ಕ್ರೌರ್ಯವಿರುವುದು ಅವು ಕಾಣಿಸಿಕೊಳ್ಳುವ ಕಾಲದಲ್ಲಿ. ಮರಿಯಾಗಿದ್ದಾಗ ಸೋಂಕಿದ ಹುಳು ಎಷ್ಟೋ ವೇಳೆ ಕಡೆಯ ವಾರದವರೆಗೂ ನೆಟ್ಟಗೇ ಇದ್ದಂತೆ ತೋರುತ್ತದೆ. ಸೊಪ್ಪೆಲ್ಲ ಖರ್ಚಾಗಿ, ಕೂಲಿಯೆಲ್ಲ ಕೊಟ್ಟಾಗಿ, ನಾಳೆಯೋ ನಾಡಿದ್ದೋ ಹುಳು ಹಣ್ಣಾಗಬೇಕು ಎನ್ನುವಾಗ ತಟ್ಟೆ ತಟ್ಟೆಯೇ ಕೆಟ್ಟುಹೋಗುತ್ತದೆ. ಹೊಲದ ಬೆಳೆ ಒಣಗಿದರೆ ದನಕ್ಕೆ ಹುಲ್ಲಾದರೂ ಸಿಕ್ಕೀತು. ಕೆಟ್ಟ ಹುಳುವಿನಿಂದ ದೊರೆಯುವುದು ಗುಂಡಿಗೆ ಹೊರುವ ಕೆಲಸ ಮಾತ್ರ.

ರೋಗವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಮೊದಲು ಸರಿಯಾದ ಉತ್ತರವನ್ನು ಕೊಟ್ಟವನು ಇಟಲಿಯ ಅಗೊಸ್ತಿನೊ ಬಾಸ್ಸಿ ಎಂಬಾತನು. 1773ರಲ್ಲಿ ಲೋದಿ ಪಟ್ಟಣದ ಸಮೀಪದಲ್ಲಿ ಹುಟ್ಟಿದ ಇವನು ಓದಿದ್ದು ನ್ಯಾಯಶಾಸ್ತ್ರ. ಕಣ್ಣಿನ ದೃಷ್ಟಿಯೋ ಬಹಳ ದುರ್ಬಲವಾಗಿದ್ದಿತು. ಆದರೂ ಸುಣ್ಣಕಟ್ಟು ರೋಗದ ಮೂಲವನ್ನು ಹುಡುಕುತ್ತ ಸುಮಾರು ಇಪ್ಪತ್ತೈದು ವರ್ಷಗಳನ್ನು ಕಳೆದನು. ಆ ರೋಗಕ್ಕೆ ಅವನ ದೇಶದ ಜನ ಇಟ್ಟಿದ್ದ ಹೆಸರುಗಳಲ್ಲಿ 'ಕಾಲ್ಚಿನೊ' ಎಂಬುದೊಂದು. ಅದೂ ಸುಣ್ಣವೆಂಬ ಮಾತಿನಿಂದಲೇ ಹುಟ್ಟಿದ್ದು. ಒಬ್ಬರನ್ನೊಬ್ಬರು ಕಾಣದ ಎರಡು ದೇಶಗಳ ರೈತರು ಒಂದೇ ಹೋಲಿಕೆಯನ್ನು ಹಿಡಿದಿರುವುದು ನೋಡತಕ್ಕ ಸಂಗತಿ. ಹವೆಯ ದೋಷ, ಮೇವಿನ ದೋಷ ಎಂದು ಜನ ಹೇಳಿಕೊಳ್ಳುತ್ತಿದ್ದಾಗ ಬಾಸ್ಸಿ 1835ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, ಆ ಬಿಳಿಯ ಪುಡಿಯೇ ಜೀವವುಳ್ಳ ಒಂದು ಬೂಷ್ಟಿನ ಬೀಜವೆಂದೂ, ಅದು ಸಾಕುವವರ ಕೈ, ಬಟ್ಟೆ, ಸಲಕರಣೆ, ಸೊಪ್ಪುಗಳ ಮೂಲಕ ಹುಳುವಿನಿಂದ ಹುಳುವಿಗೆ ಹರಡುತ್ತದೆಂದೂ ತೋರಿಸಿಕೊಟ್ಟನು. ಕಣ್ಣಿಗೆ ಕಾಣದ ಒಂದು ಜೀವಿಯು ಪ್ರಾಣಿಯ ರೋಗಕ್ಕೆ ಕಾರಣವೆಂದು ಪ್ರಯೋಗದಿಂದ ಸ್ಥಾಪಿತವಾದುದು ಅದೇ ಮೊದಲು. ಮನುಷ್ಯರ ರೋಗಗಳ ವಿಷಯದಲ್ಲಿ ಈ ತತ್ತ್ವವು ಬೇರೂರುವುದಕ್ಕೆ ಇನ್ನೂ ಎಷ್ಟೋ ದಶಕಗಳು ಬೇಕಾದುವು. ಇಂದಿನ ವೈದ್ಯಶಾಸ್ತ್ರದ ಒಂದು ದೊಡ್ಡ ಕವಲು ಹುಳುಮನೆಯ ಕಸದಲ್ಲಿ ಮೊಳೆತದ್ದೆಂದರೆ ಅತಿಶಯೋಕ್ತಿಯಾಗದು.

ಬಾಸ್ಸಿಯ ತರುವಾಯ ಲೂಯಿ ಪಾಶ್ಚರನು ಬಂದನು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಂಟು ರೋಗವು ಫ್ರಾನ್ಸಿನ ರೇಷ್ಮೆಯನ್ನು ಹಾಳುಮಾಡಿತು. 1853ರಲ್ಲಿ ಸುಮಾರು 2 ಕೋಟಿ 60 ಲಕ್ಷ ಕಿಲೋಗ್ರಾಂ ಇದ್ದ ಗೂಡಿನ ಉತ್ಪತ್ತಿ 1865ರ ಹೊತ್ತಿಗೆ ಸುಮಾರು 40 ಲಕ್ಷಕ್ಕೆ ಇಳಿಯಿತು. ಆ ವರ್ಷವೇ ಪಾಶ್ಚರನು ಆಲೆಸ್ ಎಂಬ ಊರಿಗೆ ಹೋಗಿ ಕೆಲಸವನ್ನು ಪ್ರಾರಂಭಿಸಿದನು. ಅದಕ್ಕೆ ಮುಂಚೆ ಅವನು ರೇಷ್ಮೆ ಹುಳುವಿನ ವಿಷಯದಲ್ಲಿ ಕೆಲಸಮಾಡಿದವನಲ್ಲ. 1868ರಲ್ಲಿ ಪಾರ್ಶ್ವವಾಯು ಬಡಿದರೂ ಬಿಡದೆ ಕೆಲಸವನ್ನು ಸಾಗಿಸಿ, 1870ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದನು. ಗಂಟು ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಆದುದರಿಂದ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗಬೀಜ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು ಎಂಬುದು ಅವನು ಕೊಟ್ಟ ಉಪಾಯ. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಆ ಪರೀಕ್ಷೆಯೇ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೊಟ್ಟೆಯೊಳಗಿನಿಂದಲೇ ಬರುವ ರೋಗವನ್ನು ಬಿತ್ತನೆ ಕೋಠಿ ತಡೆಯಬಲ್ಲುದು. ಮನೆಯಲ್ಲಿ ಅಡಗಿರುವ ರೋಗವನ್ನು ಮನೆಯವರೇ ತಡೆಯಬೇಕು. ಎಷ್ಟು ಶುದ್ಧವಾದ ಮೊಟ್ಟೆಯನ್ನು ತಂದರೂ ಅದನ್ನು ಅಶುದ್ಧವಾದ ಮನೆಯಲ್ಲಿಟ್ಟರೆ ಪಾಶ್ಚರನ ಪರೀಕ್ಷೆ ವ್ಯರ್ಥವಾಗುತ್ತದೆ.

ಇನ್ನು ನಮ್ಮ ದೇಶದ ಮಾತು. ಮೈಸೂರಿನಲ್ಲಿ ರೇಷ್ಮೆಯ ಕಸುಬಿಗೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪೂ ಸುಲ್ತಾನನು ಪ್ರೋತ್ಸಾಹ ಕೊಟ್ಟುದೂ, 1896ರಲ್ಲಿ ಜೆ. ಎನ್. ಟಾಟಾರವರು ಜಪಾನೀಯರ ಸಹಾಯದಿಂದ ಬೆಂಗಳೂರಿನಲ್ಲಿ ಸಿಲ್ಕ್ ಫಾರಂ ಸ್ಥಾಪಿಸಿದುದೂ ಬಹುಮಂದಿ ಬಲ್ಲ ಸಂಗತಿಗಳು. ಬಸವನಗುಡಿಯ ಕಡೆಯಲ್ಲಿ ಆ ಹೆಸರು ಬಡಾವಣೆಗೆ ಇಂದಿಗೂ ಉಳಿದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಇಟಲಿ ಜಪಾನುಗಳ ತಜ್ಞರ ನೆರವನ್ನು ಪಡೆಯಲಾಯಿತು. ಹೊರದೇಶದ ಈ ವಿದ್ಯೆಯು ನಮ್ಮಲ್ಲಿಗೆ ಬಂದಾಗ ಅದಕ್ಕೆ ಎದುರಾದ ದೊಡ್ಡ ತೊಡಕು ನಮ್ಮ ಹವೆಯೇ.

ಇಟಲಿ ಫ್ರಾನ್ಸುಗಳಲ್ಲಿ ಚಳಿಗಾಲವುಂಟು. ಆಗ ಹಿಪ್ಪುನೇರಳೆಯ ಎಲೆ ಉದುರುತ್ತದೆ, ಮೊಟ್ಟೆ ಒಡೆಯದೆ ನಿದ್ರಿಸುತ್ತದೆ, ಹುಳುಮನೆ ತಿಂಗಳುಗಟ್ಟಲೆ ಬರಿದಾಗಿರುತ್ತದೆ. ನಮ್ಮಲ್ಲಿ ವರ್ಷವೆಲ್ಲ ಎಲೆ ಚಿಗುರುತ್ತದೆ. ಮೈಸೂರು ತಳಿಯ ಮೊಟ್ಟೆ ಇಟ್ಟ ಹತ್ತು ಹನ್ನೊಂದು ದಿವಸಗಳಲ್ಲಿ ಒಡೆಯುತ್ತದೆ. ನೀರಾವರಿಯ ತೋಟವನ್ನು ಎರಡು ಮೂರು ಪಾಲುಮಾಡಿ ಒಂದಾದ ಮೇಲೊಂದನ್ನು ಕತ್ತರಿಸಿಕೊಳ್ಳುವ ರೈತನು ಹೆಚ್ಚುಕಡಮೆ ತಿಂಗಳಿಗೊಂದು ಬೆಳೆಯನ್ನು ತೆಗೆಯಬಲ್ಲನು. ಇದು ನಮ್ಮ ಭಾಗ್ಯ. ಆದರೆ ಈ ಭಾಗ್ಯಕ್ಕೆ ಒಂದು ಬೆಲೆಯುಂಟು: ಪರದೇಶದಲ್ಲಿ ಋತುವು ತಾನಾಗಿ ಕೊಡುವ ಬಿಡುವನ್ನು ಇಲ್ಲಿ ಮನುಷ್ಯನು ಬೇಕೆಂದು ಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ರೋಗಬೀಜಕ್ಕೆ ಒಂದು ದಿವಸವೂ ಉಪವಾಸವಿರುವುದಿಲ್ಲ. ಮನೆಯ ಒಂದು ಮೂಲೆಯಲ್ಲಿ ಹಣ್ಣು ಹುಳು ಚಂದ್ರಿಕೆಯ ಮೇಲಿರುವಾಗಲೇ ಇನ್ನೊಂದು ಮೂಲೆಯಲ್ಲಿ ಚಾಕಿ ಮರಿಗಳನ್ನು ತಂದಿಡುವುದುಂಟು. ಹಳೆಯ ಬೆಳೆಯ ರೋಗವನ್ನು ಹೊಸ ಬೆಳೆಗೆ ಕೈಯಾರೆ ಧಾರೆಯೆರೆದು ಕೊಡುವುದಕ್ಕೆ ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ. ಒಂದು ಮನೆಯಲ್ಲಿ ಒಂದೇ ವಯಸ್ಸಿನ ಹುಳುಗಳಿರಬೇಕು. ಎಲ್ಲವೂ ಒಟ್ಟಿಗೆ ಬರಬೇಕು, ಎಲ್ಲವೂ ಒಟ್ಟಿಗೆ ಹೋಗಬೇಕು. ನಡುವೆ ಮನೆ ಪೂರ್ತಿಯಾಗಿ ಬರಿದಾಗಬೇಕು. ಕೋಳಿ ಸಾಕುವವರೂ ಹಂದಿ ಸಾಕುವವರೂ ಪಾಲಿಸುವ ನಿಯಮವೂ ಇದೇ.

ಹಾಗಾದರೆ ಬರಿದಾದ ಮನೆಯಲ್ಲಿ ಮಾಡಬೇಕಾದ ಕೆಲಸದ ಕ್ರಮವೇನು? ಇಲ್ಲಿ ಕ್ರಮವೇ ಮುಖ್ಯ. ಸಾಮಾನ್ಯವಾಗಿ ಯಾರಾದರೂ ಮೊದಲು ಪೊರಕೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ರೋಗವಿದ್ದ ಮನೆಯಲ್ಲಿ ಒಣ ಕಸವನ್ನು ಗುಡಿಸಿದರೆ ರೋಗಬೀಜವೆಲ್ಲ ದೂಳಿನೊಡನೆ ಎದ್ದು ಜಂತೆಯ ಮೇಲೂ ನೆರೆಮನೆಯ ಅಂಗಳಕ್ಕೂ ಹೋಗಿ ಕುಳಿತುಕೊಳ್ಳುತ್ತದೆ. ಆದುದರಿಂದ ಗೂಡು ಬಿಡಿಸಿದ ಕೂಡಲೆ, ಗುಡಿಸುವುದಕ್ಕೆ ಮುಂಚೆ, ಸತ್ತ ಹುಳುಗಳನ್ನೂ ಹಾಳು ಗೂಡುಗಳನ್ನೂ ಕಡ್ಡಿಯಿಂದ ಆರಿಸಿ ಸುಡಬೇಕು, ಇಲ್ಲವೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಅನಂತರ ಕಸವಿದ್ದ ಹಾಗೆಯೇ ಮನೆಗೂ ಸಲಕರಣೆಗೂ ಒಮ್ಮೆ ಔಷಧದ ನೀರನ್ನು ಸಿಂಪಡಿಸಬೇಕು. ಮೂರನೆಯದಾಗಿ ಗುಡಿಸಿ, ಕೆರೆದು, ನೀರಿನಿಂದ ತೊಳೆಯಬೇಕು. ತಟ್ಟೆ ಚಂದ್ರಿಕೆಗಳನ್ನು ತೊಳೆದು ಒಂದೆರಡು ದಿವಸ ಬಿಸಿಲಿಗೆ ಒಡ್ಡಬೇಕು. ಬಿಸಿಲು ಖರ್ಚಿಲ್ಲದ ಔಷಧ. ಚಂದ್ರಿಕೆಗೆ ಅಂಟಿದ ಎಳೆಗಳನ್ನು ಉರಿ ತೋರಿಸಿ ಸುಡುವುದು ಒಳ್ಳೆಯದು. ನೆಲದ ಬಿರುಕುಗಳನ್ನು ಮುಚ್ಚಿ ಗೋಡೆಗೆ ಸುಣ್ಣ ಬಳಿಯಬೇಕು. ಕಟ್ಟಕಡೆಗೆ, ಮರಿ ಬರುವುದಕ್ಕೆ ಎರಡು ಮೂರು ದಿವಸ ಮುಂಚೆ, ಎರಡನೆಯ ಸಲ ಔಷಧ ಸಿಂಪಡಿಸಿ, ಅನಂತರ ಬಾಗಿಲು ಕಿಟಕಿಗಳನ್ನು ತೆರೆದು ಗಾಳಿಯಾಡಿಸಬೇಕು.

ಎರಡು ಸಲ ಏಕೆ, ಕೊನೆಯ ಒಂದೇ ಸಲ ಸಾಲದೆ ಎಂದು ಕೇಳಬಹುದು. ಮೊದಲಿನದು ಕಸದಲ್ಲಿರುವ ರೋಗ ಹರಡದಂತೆ ಅದನ್ನು ಕುಗ್ಗಿಸುವುದಕ್ಕೆ. ಎರಡನೆಯದು ತೊಳೆದ ಮೇಲೆ ಉಳಿದುದನ್ನು ಕೊಲ್ಲುವುದಕ್ಕೆ. ನಡುವಿನ ತೊಳೆಯುವ ಕೆಲಸವನ್ನು ಬಿಟ್ಟರೆ ಎರಡೂ ನಿಷ್ಫಲ. ಏಕೆಂದರೆ ಬ್ಲೀಚಿಂಗ್ ಪುಡಿಯಲ್ಲಿರುವ ಕ್ಲೋರೀನಿಗೆ ರೋಗಬೀಜ ಯಾವುದು, ಹಿಕ್ಕೆ ಯಾವುದು ಎಂಬ ವಿವೇಚನೆಯಿಲ್ಲ. ಮೊದಲು ಸಿಕ್ಕಿದ ಕೊಳೆಯ ಮೇಲೆಯೇ ತನ್ನ ಶಕ್ತಿಯೆಲ್ಲವನ್ನೂ ವ್ಯಯಮಾಡಿಬಿಡುತ್ತದೆ. ಕೊಳಕಾದ ನೆಲದ ಮೇಲೆ ಸುರಿದ ಔಷಧವು ದುಡ್ಡನ್ನು ಸುರಿದಂತೆಯೇ ಸರಿ.

ಔಷಧದ ಪ್ರಮಾಣವನ್ನೂ ಹೇಳಿಬಿಡುತ್ತೇವೆ. ಬ್ಲೀಚಿಂಗ್ ಪುಡಿಯನ್ನು ಬಳಸುವುದಾದರೆ 10 ಲೀಟರು ನೀರಿಗೆ 200 ಗ್ರಾಂ ಪುಡಿ, 30 ಗ್ರಾಂ ಅರಳಿದ ಸುಣ್ಣ. ನೆಲದ ಅಳತೆಯಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 2 ಲೀಟರು ಬೇಕು. ಸಲಕರಣೆಗಳಿಗೆ ಇದರ ಮೂರರಲ್ಲೊಂದು ಪಾಲು ಹೆಚ್ಚಾಗಿ ಬೇಕಾಗುತ್ತದೆ. 30 ಅಡಿ ಉದ್ದ 20 ಅಡಿ ಅಗಲದ ಮನೆಗೆ ಲೆಕ್ಕಹಾಕಿದರೆ ಸುಮಾರು 150 ಲೀಟರು ನೀರು, 3 ಕಿಲೋ ಪುಡಿ, ಅರ್ಧ ಕಿಲೋಗಿಂತ ಸ್ವಲ್ಪ ಕಡಮೆ ಸುಣ್ಣ ಆಗುತ್ತದೆ. ಗೋಡೆ ತಟ್ಟೆಗಳು ಚೆನ್ನಾಗಿ ನೆನೆದು ಕನಿಷ್ಠಪಕ್ಷ ಅರ್ಧ ಘಂಟೆ ಒದ್ದೆಯಾಗಿಯೇ ಇರಬೇಕು. ಪುಡಿ ಹೊಸದಾಗಿರಬೇಕು, ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪುಡಿಯಲ್ಲಿ ಕ್ಲೋರೀನು ಹಾರಿಹೋಗಿ, ಹೆಸರು ಮಾತ್ರ ಉಳಿದಿರುತ್ತದೆ.

ಆ ಚಿಟಿಕೆಯಷ್ಟು ಸುಣ್ಣವು ಏತಕ್ಕೆ? ಇದರಲ್ಲಿ ಒಂದು ಸ್ವಾರಸ್ಯವಿದೆ. ಹಾಲು ತೊಂಡೆ ರೋಗದ ಬೀಜವು ಬರಿಮೈಯಲ್ಲಿ ಇರುವುದಿಲ್ಲ. ಅನೇಕ ಮುಖಗಳುಳ್ಳ, ಹರಳಿನಂತಹ ಒಂದು ಕೋಟೆಯನ್ನು ಕಟ್ಟಿಕೊಂಡು ಅದರೊಳಗೆ ಹುದುಗಿರುತ್ತದೆ. ಒಡೆದ ಹುಳುವಿನ ಹಾಲಿನ ಬಿಳುಪೆಲ್ಲವೂ ಈ ಹರಳುಗಳದೇ. ಈ ಕೋಟೆಯೊಳಗೆ ಅದು ವರ್ಷಗಟ್ಟಲೆ ದೂಳಿನಲ್ಲಿ ಬಾಳಬಲ್ಲುದು. ಹುಳುವು ಸೊಪ್ಪಿನೊಡನೆ ಅದನ್ನು ನುಂಗಿದಾಗ, ಅದರ ಹೊಟ್ಟೆಯ ರಸವು ಕ್ಷಾರವಾಗಿರುವುದರಿಂದ ಕೋಟೆ ಕರಗಿ, ಒಳಗಿನ ಶತ್ರು ಹೊರಬಿದ್ದು ಮೈಯನ್ನೆಲ್ಲ ಆಕ್ರಮಿಸುತ್ತದೆ. ಸುಣ್ಣವೂ ಕ್ಷಾರವೇ. ಹುಳುವಿನ ಹೊಟ್ಟೆಯಲ್ಲಿ ಆಗುವ ಕೆಲಸವನ್ನು ಸುಣ್ಣದ ನೀರು ನೆಲದ ಮೇಲೆಯೇ ಮಾಡಿಬಿಡುತ್ತದೆ: ಕೋಟೆಯನ್ನು ಕರಗಿಸುತ್ತದೆ. ಆಗ ಆಶ್ರಯವಿಲ್ಲದೆ ಹೊರಬಿದ್ದ ರೋಗಬೀಜವನ್ನು ಕ್ಲೋರೀನು ಕೊಲ್ಲುತ್ತದೆ. ಶತ್ರುವು ಯಾವ ಬೀಗದ ಕೈಯಿಂದ ಬಾಗಿಲು ತೆರೆಯುತ್ತಾನೆಂಬುದನ್ನು ಅರಿತು, ಅದೇ ಕೈಯಿಂದ ಅವನನ್ನು ಹೊರಗೆಳೆಯುವ ಉಪಾಯವಿದು. ನಮ್ಮ ಅಜ್ಜಿಯರು ಹಬ್ಬಕ್ಕೆ ಮನೆಗೆ ಬಳಿಯುತ್ತಿದ್ದ ಸುಣ್ಣಕ್ಕೆ ವಿಜ್ಞಾನವು ಕೊಟ್ಟ ಗೌರವವೆಂದೂ ಇದನ್ನು ತಿಳಿಯಬಹುದು.

ಇನ್ನೊಂದು ಔಷಧ ಫಾರ್ಮಲಿನ್. ಅಂಗಡಿಯಲ್ಲಿ ದೊರೆಯುವ ದ್ರವದ ಒಂದು ಪಾಲಿಗೆ 17 ಪಾಲು ನೀರು ಬೆರೆಸಿದರೆ ನೂರಕ್ಕೆ 2ರ ಸಾರ ಬರುತ್ತದೆ. ಇದು ಕೆಲಸಮಾಡಬೇಕಾದರೆ ಮನೆಗೆ ಸಂದುಗೊಂದುಗಳಿರಬಾರದು. ಒಂದು ಹಗಲು ಒಂದು ರಾತ್ರಿ ಭದ್ರವಾಗಿ ಮುಚ್ಚಿರಬೇಕು. ಒಳಗೆ 25 ಡಿಗ್ರಿಗಿಂತ ಹೆಚ್ಚು ಉಷ್ಣವೂ ಸಾಕಷ್ಟು ತೇವವೂ ಇರಬೇಕು. ಹೆಂಚಿನ ಸೂರಿನ, ಗವಾಕ್ಷಿಗಳು ತೆರೆದಿರುವ ನಮ್ಮ ಹಳ್ಳಿಯ ಮನೆಗಳಲ್ಲಿ ಆವಿಯೆಲ್ಲ ಹೊರಗೆ ಹೋಗಿ ಔಷಧ ದಂಡವಾಗುತ್ತದೆ. ಇದಕ್ಕಿಂತಲೂ ಗಂಭೀರವಾದ ಸಂಗತಿ ಮತ್ತೊಂದುಂಟು. ಫಾರ್ಮಲಿನ್ನಿನ ಆವಿ ಕಣ್ಣು ಗಂಟಲುಗಳನ್ನು ಉರಿಸುವುದು ಮಾತ್ರವಲ್ಲ. ಅದು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡತಕ್ಕ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ನಿರ್ಣಯಿಸಿತು. ಆದುದರಿಂದಲೇ ಈಗ ಬ್ಲೀಚಿಂಗ್ ಪುಡಿಗೂ, ಕ್ಲೋರೀನ್ ಡೈ ಆಕ್ಸೈಡ್ ಎಂಬ ಇನ್ನೊಂದು ಔಷಧಕ್ಕೂ ಪ್ರಾಶಸ್ತ್ಯ ಬಂದಿದೆ. ಯಾವುದನ್ನು ಬಳಸಿದರೂ ಮೂಗು ಬಾಯಿಗಳಿಗೆ ಮುಸುಕು, ಕೈಗೆ ಚೀಲ, ಕಣ್ಣಿಗೆ ಕನ್ನಡಕ ಇರಲೇಬೇಕು. ಒಂದರೊಡನೆ ಇನ್ನೊಂದನ್ನು ಬೆರೆಸಕೂಡದು.

ಈ ಎಚ್ಚರಿಕೆಯನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹುಳುಮನೆಯ ಕೆಲಸದಲ್ಲಿ ಬಹುಪಾಲು ಹೆಂಗಸರ ಕೈಯದು. ಗೂಡಿನ ಮೂಟೆಯನ್ನು ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ಹೊತ್ತು ಹೋಗುವವರು ಗಂಡಸರು. ಅದೇ ದಿವಸ ಮನೆಯಲ್ಲಿ ಕಸಕ್ಕೆ ಕೈಹಾಕುವವರು ಹೆಂಗಸರು. ಮಾರುಕಟ್ಟೆಯ ಹರಾಜು ಎಲ್ಲರಿಗೂ ಕಾಣುತ್ತದೆ. ಈ ಕೆಲಸ ಯಾರಿಗೂ ಕಾಣದು. ಇಲಾಖೆಯ ಉಪದೇಶವಾಗಲಿ, ಮುಸುಕು ಕೈಚೀಲಗಳಾಗಲಿ ಮೊದಲು ಸಲ್ಲಬೇಕಾದುದು ಯಾರಿಗೆ ಎಂಬುದನ್ನು ಇದರಿಂದ ತಿಳಿಯಬಹುದು.

ಮನೆ ಶುದ್ಧವಾಯಿತು, ಕಸ ಎಲ್ಲಿ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಹುಳುವಿನ ಹಾಸಿಗೆಯ ಕಸವು ಒಳ್ಳೆಯ ಗೊಬ್ಬರವೆಂದು ಅದನ್ನು ಹಸಿಯಾಗಿಯೇ ಹಿಪ್ಪುನೇರಳೆ ತೋಟಕ್ಕೆ ಚೆಲ್ಲುವುದುಂಟು. ರೋಗಬೀಜವು ತೋಟದಿಂದ ಸೊಪ್ಪಿಗೆ, ಸೊಪ್ಪಿನಿಂದ ತಟ್ಟೆಗೆ ಮರಳಿ ಬಂದು, ತೊಳೆದ ಮನೆಗೆ ಮುಂಬಾಗಿಲಿನಿಂದಲೇ ಪ್ರವೇಶಿಸುತ್ತದೆ. ಕಸವನ್ನು ದೂರದ ಗುಂಡಿಯಲ್ಲಿ ಹಾಕಿ, ಮಣ್ಣು ಮುಚ್ಚಿ, ಪೂರ್ತಿಯಾಗಿ ಕಳಿತ ಮೇಲೆಯೇ ತೋಟಕ್ಕೆ ಹಾಕತಕ್ಕದ್ದು. ಬೆಳೆ ನಡೆಯುವಾಗಲೂ ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಯನ್ನು ಹಾಕಿ ಅದನ್ನು ತುಳಿದು ಒಳಗೆ ಬರುವುದು, ಸೊಪ್ಪು ಹಾಕುವ ಮುಂಚೆ ಕೈ ತೊಳೆಯುವುದು, ಜ್ವರದ ಕಾಲದಲ್ಲಿ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುವುದು ಈ ಶುದ್ಧಿಯನ್ನು ಕಾಪಾಡುವ ಉಪಾಯಗಳು. ಕೆಲವು ಮನೆಗಳಲ್ಲಿ ದೃಷ್ಟಿಯಾದೀತೆಂದು ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ. ಕಾರಣ ಯಾವುದಾದರೂ ಆಗಲಿ, ಪದ್ಧತಿ ಬಹಳ ಒಳ್ಳೆಯದು. ಬಾಸ್ಸಿಯೂ ಇದನ್ನು ಒಪ್ಪುತ್ತಿದ್ದನು.

ಇಷ್ಟೆಲ್ಲ ತಿಳಿದಿದ್ದರೂ ರೈತನು ಏಕೆ ಮಾಡುವುದಿಲ್ಲ ಎಂದು ಪಟ್ಟಣದಲ್ಲಿರುವವರು ಸುಲಭವಾಗಿ ಕೇಳಿಬಿಡುತ್ತಾರೆ. ಅಜ್ಞಾನವೆಂದೂ ಸೋಮಾರಿತನವೆಂದೂ ಹೇಳಿ ಮುಗಿಸುವವರೂ ಉಂಟು. ಇದು ನ್ಯಾಯವಲ್ಲ. ತೋಟದಲ್ಲಿ ಸೊಪ್ಪು ಬಲಿತು ನಿಂತಿದೆ. ವಾರ ತಡೆದರೆ ಎಲೆ ಒರಟಾಗುತ್ತದೆ. ಚಾಕಿ ಕೇಂದ್ರದಲ್ಲಿ ಮರಿಗೆ ಮುಂಗಡ ಕೊಟ್ಟಾಗಿದೆ. ಹಿಂದಿನ ಬೆಳೆಯ ಹಣ ಸಾಲಗಾರನ ಮನೆಗೆ ಹೋಗಿದೆ. ಇರುವುದೊಂದೇ ಮನೆ, ಹುಳು ಇರುವಲ್ಲಿಯೇ ಒಲೆಯೂ ಇದೆ, ಮಕ್ಕಳೂ ಮಲಗುತ್ತಾರೆ. ಬಾಡಿಗೆಗೆ ತಂದ ಚಂದ್ರಿಕೆಗಳು ಇನ್ನೊಬ್ಬರ ಮನೆಯ ರೋಗವನ್ನು ಹೊತ್ತು ತಂದಿವೆ. ಹೀಗಿರಲು, ಹತ್ತು ದಿವಸ ಮನೆಯನ್ನು ಬರಿದಾಗಿಡು ಎಂದು ಹೇಳುವುದು, ಹತ್ತು ದಿವಸದ ಕೂಲಿಯನ್ನು ಬಿಡು ಎಂದು ಹೇಳಿದಂತೆ ಅವನಿಗೆ ಕೇಳಿಸುತ್ತದೆ. ಬರಿದಾದ ದಿನಗಳು ನಷ್ಟದ ದಿನಗಳಲ್ಲ, ಮುಂದಿನ ಬೆಳೆಯ ಮೊದಲ ದಿನಗಳು ಎಂಬುದನ್ನು ಅವನಿಗೆ ಲೆಕ್ಕದಿಂದ ತೋರಿಸಬೇಕು. ಅಷ್ಟೇ ಅಲ್ಲ, ಆ ದಿನಗಳನ್ನು ತಾಳಿಕೊಳ್ಳುವ ಶಕ್ತಿಯನ್ನೂ ಒದಗಿಸಬೇಕು. ಪ್ರತ್ಯೇಕವಾದ ಹುಳುಮನೆ ಕಟ್ಟಲು ಸಹಾಯ, ಸಕಾಲದಲ್ಲಿ ಹೊಸ ಪುಡಿ, ಸಿಂಪಡಿಸುವ ಯಂತ್ರ, ಅದನ್ನು ನಡೆಸಬಲ್ಲ ತರಬೇತಾದ ನಾಲ್ವರು ಯುವಕರು ಊರಿಗೆ ದೊರೆತರೆ ಉಪದೇಶಕ್ಕಿಂತ ಹೆಚ್ಚು ಫಲವಾಗುತ್ತದೆ.

ಇದು ಊರಿನ ಕೆಲಸವೆಂದು ಹೇಳುವುದಕ್ಕೂ ಕಾರಣವಿದೆ. ರೋಗಬೀಜಕ್ಕೆ ಮನೆಯ ಗೋಡೆ ಗಡಿಯಲ್ಲ. ಒಬ್ಬನು ತನ್ನ ಮನೆಯನ್ನು ಕನ್ನಡಿಯಂತೆ ತೊಳೆದು, ಪಕ್ಕದವನು ಸತ್ತ ಹುಳುಗಳನ್ನು ಬೀದಿಗೆ ಚೆಲ್ಲಿದರೆ, ಕಾಗೆ ಕೋಳಿಗಳೂ ಗಾಳಿಯೂ ದಾರಿಹೋಕರ ಕಾಲುಗಳೂ ಅದನ್ನು ಎಲ್ಲರಿಗೂ ಸಮನಾಗಿ ಹಂಚುತ್ತವೆ. ಒಂದೇ ವಾರದಲ್ಲಿ ಊರೆಲ್ಲ ಬೆಳೆ ಮುಗಿಸಿ, ಊರೆಲ್ಲ ಒಟ್ಟಿಗೆ ಶುದ್ಧಿಮಾಡಿ, ಊರೆಲ್ಲ ಒಟ್ಟಿಗೆ ಮರಿ ತಂದರೆ ಅದರ ಫಲವೇ ಬೇರೆ. ಕೆರೆಯ ಹೂಳೆತ್ತುವುದನ್ನೂ ಜಾತ್ರೆಯನ್ನೂ ಒಗ್ಗಟ್ಟಿನಿಂದ ನಡೆಸಬಲ್ಲ ಜನಕ್ಕೆ ಇದು ಅಸಾಧ್ಯವಲ್ಲ.

ಹಳೆಯ ಮೈಸೂರು ತಳಿಯ ಹುಳು ಗಟ್ಟಿಗ. ನಮ್ಮ ಉಷ್ಣವನ್ನೂ ಅಜಾಗರೂಕತೆಯನ್ನೂ ಎಷ್ಟೋ ಮಟ್ಟಿಗೆ ಸಹಿಸಿಕೊಂಡು ಬಂದಿತು. ಆದರೆ ಅದರ ಗೂಡು ಸಣ್ಣದು, ನೂಲು ಗಿಡ್ಡ. ಇಂದು ಹರಡುತ್ತಿರುವ ಬಿಳಿ ಗೂಡಿನ ದ್ವಿತಳಿಯು ಒಂದೊಂದು ಗೂಡಿನಿಂದ ಸಾವಿರ ಮೀಟರನ್ನು ಮೀರಿದ ಎಳೆಯನ್ನು ಕೊಡಬಲ್ಲುದು; ಆದರೆ ಅದು ಸುಕುಮಾರ, ಕೊಳೆಯನ್ನು ಸೈರಿಸದು. ಒಳ್ಳೆಯ ನೂಲು ಬೇಕೆಂದರೆ ಒಳ್ಳೆಯ ತಳಿ ಬೇಕು. ಒಳ್ಳೆಯ ತಳಿ ಬೇಕೆಂದರೆ ಶುದ್ಧವಾದ ಮನೆ ಬೇಕು. ಈ ಸರಪಣಿಯ ಒಂದು ತುದಿ ಪಟ್ಟಣದ ಅಂಗಡಿಯಲ್ಲಿ ನಮ್ಮ ಕೈಯಲ್ಲಿರುವ ಸೀರೆ. ಇನ್ನೊಂದು ತುದಿ ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ಸುಣ್ಣದ ನೀರನ್ನು ಕಲಸುತ್ತಿರುವ ಒಬ್ಬ ತಾಯಿಯ ಕೈ.

ಶ್ರೋತೃಗಳೆ, ನಮ್ಮಲ್ಲಿ ಪ್ರತಿಯೊಬ್ಬರೂ ಹುಳು ಸಾಕಬೇಕಾಗಿಲ್ಲ. ಆದರೆ ತಮ್ಮಲ್ಲಿ ಕೆಲವರು ಅಧಿಕಾರದಲ್ಲಿರುವವರು, ಕೆಲವರು ಬ್ಯಾಂಕು ಸಂಘಗಳನ್ನು ನಡೆಸುವವರು, ಕೆಲವರು ಉಪಾಧ್ಯಾಯರು. ಹಲವರಿಗೆ ಹಳ್ಳಿಯಲ್ಲಿ ಬಂಧುಗಳಿದ್ದಾರೆ. ಸಾಲ ಕೊಡುವವರು ಮೊಟ್ಟೆಗೂ ಗೊಬ್ಬರಕ್ಕೂ ಕೊಡುವಂತೆ ಈ ಬರಿದಾದ ದಿನಗಳ ಖರ್ಚಿಗೂ ಕೊಡುವಂತಾಗಲಿ. ಪಾಠ ಹೇಳುವವರು ಪಾಶ್ಚರನ ಹೆಸರಿನೊಡನೆ ಬಾಸ್ಸಿಯ ಹೆಸರನ್ನೂ, ಅವನ ಹೆಸರಿನೊಡನೆ ನಮ್ಮ ಊರಿನ ಹುಳುಮನೆಯನ್ನೂ ಮಕ್ಕಳಿಗೆ ಪರಿಚಯಮಾಡಿಕೊಡಲಿ. ಹಳ್ಳಿಗೆ ಹೋದವರು ಹುಳುಮನೆಯ ಹೊಸ್ತಿಲಲ್ಲಿ ನೆನೆದ ಗೋಣಿಯನ್ನು ಕಂಡರೆ ಅದನ್ನು ತುಳಿದು ಒಳಗೆ ಹೋಗಲಿ. ಕಾಣದಿದ್ದರೆ ಹೊರಗೆಯೇ ನಿಂತು ಅದನ್ನು ಹಾಕಿಸಲಿ. ಮಡಿಯ ಬಟ್ಟೆಯನ್ನು ಉಡುವವರಿಗೆ ಇದು ಕಷ್ಟವಾದ ಮಡಿಯೇನೂ ಅಲ್ಲ.